ಕೋಟೆಯಾದ ಚರ್ಚುಗಳು

ಮಾನ್ಯರೇ,

ರುಮೇನಿಯಾದ ಟ್ರಾನ್ಸಿಲ್ವೇನಿಯಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಡ್ರಾಕುಲಾ ಮಾತ್ರ ಎಂಬುದು ಬೇಸರದ ಸಂಗತಿ. 1241ರಲ್ಲಿ ಮಂಗೋಲರಿಂದ, ಮುಂದೆ ಒಟ್ಟೋಮನ್ ತುರ್ಕರಿಂದ ಪದೇ ಪದೇ ದಾಳಿಗೆ ತುತ್ತಾದ ಅಲ್ಲಿನ ಜರ್ಮನ್ ಮೂಲದ ಸ್ಯಾಕ್ಸನ್ ಹಳ್ಳಿಗರು, ತಾವು ಪ್ರಾರ್ಥಿಸುತ್ತಿದ್ದ ಚರ್ಚಿಗೇ ದಪ್ಪ ಗೋಡೆ, ಬುರುಜು, ಬಾಣ ಬಿಡುವ ಕಿಂಡಿಗಳನ್ನು ಸೇರಿಸಿ ಅದನ್ನೇ ಊರಿನ ಕೋಟೆಯಾಗಿಸಿಕೊಂಡರು. ಪ್ರೆಜ್ಮೆರ್ ಎಂಬ ಹಳ್ಳಿಯ ಅಂಥ ಚರ್ಚಿನಲ್ಲಿ ಸುಮಾರು 12 ಮೀಟರ್ ಎತ್ತರದ ಗೋಡೆಯ ಒಳಮೈಗೆ 250ಕ್ಕೂ ಹೆಚ್ಚು ಪುಟ್ಟ ಕೋಣೆಗಳು ಜೇನುಗೂಡಿನಂತೆ ಅಂಟಿಕೊಂಡಿವೆ. ಮುತ್ತಿಗೆ ಬಿದ್ದಾಗ ಮನೆಮಂದಿಯೆಲ್ಲ ಕಾಳುಕಡಿಯೊಂದಿಗೆ ತಮ್ಮ ಪಾಲಿನ ಕೋಣೆ ಸೇರುತ್ತಿದ್ದರು. ಮರದ ಬಾಗಿಲುಗಳ ಮೇಲೆ ಕೋಣೆಯ ಸಂಖ್ಯೆಗಳು ಇಂದಿಗೂ ಇವೆ.

ಇಂಥದೇ ಕೋಟೆ-ಚರ್ಚಿರುವ ಬಿಯೆರ್ತಾನ್ ಹಳ್ಳಿ 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಇನ್ನೂ ಆರು ಹಳ್ಳಿಗಳು ಸೇರಿದವು. ಆದರೆ ಪಟ್ಟಿಯ ಹೊರಗೆ ಉಳಿದವುಗಳ ಸ್ಥಿತಿ ಕಳವಳಕಾರಿ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಬಳಿಕ ಸ್ಯಾಕ್ಸನ್ನರಲ್ಲಿ ಬಹುಪಾಲು ಜನ ಜರ್ಮನಿಗೆ ವಲಸೆ ಹೋದುದರಿಂದ ಎಷ್ಟೋ ಚರ್ಚುಗಳಿಗೆ ಹೆಂಚು ಸರಿಪಡಿಸುವವರೂ ಇಲ್ಲವಾಗಿ, 2016ರಲ್ಲಿ ರೊತ್ಬಾವ್ ಚರ್ಚಿನ ಗೋಪುರವೇ ಕುಸಿದುಬಿತ್ತು. ‘ಡ್ರಾಕುಲಾನ ಕೋಟೆ’ ಎಂದೇ ಹೆಸರಾದ ಬ್ರಾನ್ ಕೋಟೆ ನೋಡಲು ಬ್ರಶೋವ್ ನಗರದವರೆಗೆ ಹೋಗುವ ಕನ್ನಡಿಗರು ಅಲ್ಲಿಂದ ಸಮೀಪದಲ್ಲೇ ಇರುವ ಪ್ರೆಜ್ಮೆರ್‌ಗೂ ಹೋಗಿ, ಟಿಕೆಟ್ ಕೊಂಡು ಒಳಗಿನ ಆ ಕೋಣೆಗಳನ್ನು ನೋಡಿ ಬರಬೇಕೆಂದು ವಿನಂತಿಸುತ್ತೇನೆ.

– ಇತಿಹಾಸಾಸಕ್ತ ಓದುಗ, ಧಾರವಾಡ