ಮಗಳಿಗೊಂದು ಪತ್ರ: ಆ ಮೇಂಟೆನೆನ್ಸ್ ಅಷ್ಟು ಕಮ್ಮಿ ಯಾಕೆ ಅಂತ ಕೇಳು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಾನು ದನಿ ಏರಿಸಬಾರದಿತ್ತು. "ಮನೆ ಇಷ್ಟ ಆಯ್ತಮ್ಮ, ಮೇಂಟೆನೆನ್ಸ್ ಪಕ್ಕದ ಕಟ್ಟಡದ ಅರ್ಧ ಅಷ್ಟೇ" ಅಂತ ನೀನು ಖುಷಿಯಲ್ಲಿ ಹೇಳ್ತಿದ್ದಾಗ, ಅದೇ ನನಗೆ ಭಯ ಅಂದುಬಿಟ್ಟೆ. ನಿನ್ನ ಸ್ವಂತ ದುಡಿಮೆಯಲ್ಲಿ ಮನೆ ಕೊಳ್ಳೋ ಹಂತಕ್ಕೆ ಬಂದಿದ್ದೀಯ. ನನಗೆಷ್ಟು ಹೆಮ್ಮೆ ಅಂತ ಮೊದಲು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು. ಆದರೆ ಸೋಮವಾರ ನೀನು ಮುಂಗಡ ಕೊಡೋದರೊಳಗೆ ಆ ಭಯ ಯಾತಕ್ಕೆ ಅನ್ನೋದನ್ನ ಬರೆದೇ ತೀರಬೇಕು. ಫೋನಿನಲ್ಲಾದರೆ ಮತ್ತೆ ಜಗಳ ಆಗುತ್ತೆ.

ಮೇಂಟೆನೆನ್ಸ್ ಅಂತ ತಿಂಗಳು ತಿಂಗಳು ಕಟ್ಟೋ ಹಣದಲ್ಲಿ ಎರಡು ಗಂಟು ಇರುತ್ತವೆ. ಒಂದು, ಆ ತಿಂಗಳೇ ಖರ್ಚಾಗಿ ಹೋಗೋದು: ಕಾವಲು, ಕಸ, ಮೆಟ್ಟಿಲು ಮತ್ತು ಪಾರ್ಕಿಂಗಿನ ದೀಪ, ನೀರಿನ ಪಂಪು, ಲಿಫ್ಟಿನ ಕರೆಂಟು ಮತ್ತು ಸರ್ವೀಸ್, ಜನರೇಟರಿನ ಡೀಸೆಲ್, ವಿಮೆ, ಲೆಕ್ಕಪರಿಶೋಧನೆ. ಇನ್ನೊಂದು, ಮುಂದೆ ಬರೋ ದೊಡ್ಡ ರಿಪೇರಿಗೆ ಅಂತ ಕೂಡಿಡೋ, ಇವತ್ತು ಮುಟ್ಟಬಾರದ ಹಣ. ಮೀಸಲು ನಿಧಿ ಅಂತಲೋ ಸಿಂಕಿಂಗ್ ಫಂಡ್ ಅಂತಲೋ ಕರೀತಾರೆ. ಮೊದಲನೇ ಗಂಟನ್ನು ಯಾರೂ ಅರ್ಧಕ್ಕೆ ಇಳಿಸಲಾರರು. ಕಾವಲಿನವರಿಗೆ ಸಂಬಳ ಕೊಡಲೇಬೇಕು, ಪಂಪು ಓಡಲೇಬೇಕು. ಹಾಗಾಗಿ ಅಷ್ಟೇ ಮನೆ, ಅಂಥದೇ ಸೌಕರ್ಯ ಇರೋ ಎರಡು ಕಟ್ಟಡಗಳಲ್ಲಿ ಒಂದರ ಮೇಂಟೆನೆನ್ಸ್ ಅರ್ಧ ಇದ್ದರೆ, ಹೆಚ್ಚಿನ ಸಲ ಕತ್ತರಿ ಬಿದ್ದಿರೋದು ಎರಡನೇ ಗಂಟಿಗೆ.

ನೀನು ನೋಡಿರೋದು 15 ವರ್ಷದ ಕಟ್ಟಡ. ಲಿಫ್ಟನ್ನು ಸುಮಾರು 20ರಿಂದ 25 ವರ್ಷಕ್ಕೆ ಪೂರ್ತಿ ಹೊಸದು ಮಾಡಬೇಕಾಗುತ್ತೆ. 20 ಅಂತಲೇ ಇಟ್ಟುಕೊ. ಮೊದಲ ತಿಂಗಳಿಂದ ಕೂಡಿಟ್ಟಿದ್ದರೆ ಆ ಖರ್ಚು 240 ಕಂತಿನಲ್ಲಿ ಹಂಚಿಹೋಗ್ತಿತ್ತು. ಇಷ್ಟು ದಿನ ಏನೂ ಕೂಡಿಟ್ಟಿಲ್ಲ ಅಂದರೆ ಈಗ ಉಳಿದಿರೋದು 60 ಕಂತು. ಅಂದರೆ ಪ್ರತಿ ಕಂತೂ 4 ಪಟ್ಟು. ಕಟ್ಟೋರು ಯಾರು? ಆವತ್ತು ಮನೆ ಯಾರ ಹೆಸರಲ್ಲಿದೆಯೋ ಅವರು. 15 ವರ್ಷ ಅದೇ ಲಿಫ್ಟಿನಲ್ಲಿ ಹತ್ತಿ ಇಳಿದವರು ಮನೆ ಮಾರಿ ಹೋಗಿರ್ತಾರೆ, ಅವರ ಪಾಲಿನ ಸವಕಳಿಗೂ ನೀನೇ ದುಡ್ಡು ಕೊಡಬೇಕು. ಲಿಫ್ಟ್ ಒಂದೇ ಅಲ್ಲ, ತಾರಸಿಯ ವಾಟರ್‌ಪ್ರೂಫಿಂಗ್, ಹೊರಗೋಡೆ ಬಣ್ಣ, ಪಂಪಿನ ಮೋಟರು, ನೀರಿನ ಪೈಪು, ಒಂದೊಂದಕ್ಕೂ ಒಂದೊಂದು ಆಯಸ್ಸು. 15 ದಾಟಿದ ಮೇಲೆ ಒಂದರ ಹಿಂದೆ ಒಂದು ಮುಗೀತಾ ಬರುತ್ತವೆ. ಆಗ ಬರೋದೇ ವಿಶೇಷ ವಂತಿಗೆ: ಸಭೆ ಕರೆದು, ಪ್ರತಿ ಮನೆಯೂ ಒಂದೇ ಸಲಕ್ಕೆ ಇಷ್ಟು ಕೊಡಬೇಕು ಅಂತ ಠರಾವು. ಬ್ಯಾಂಕು ನಿನ್ನ ಸಾಲದ ಕಂತು ಲೆಕ್ಕ ಹಾಕುವಾಗ ಇದನ್ನ ಸೇರಿಸಿರೋದಿಲ್ಲ.

ವಂತಿಗೆ ಕೊಡೋ ಶಕ್ತಿ ಎಲ್ಲರಿಗೂ ಇರಲ್ಲ, ಕೆಲವರು ಕೊಡಲ್ಲ ಅಂತಾರೆ, ಕೆಲಸ ಮುಂದಕ್ಕೆ ಹೋಗುತ್ತೆ. ನನಗೆ ನಿದ್ದೆ ಬರದ ಹಾಗೆ ಮಾಡೋದು ಇದೇ. ತಾರಸಿಯ ನೀರು ಕಾಂಕ್ರೀಟಿಗೆ ಇಳಿದು ಒಳಗಿನ ಕಬ್ಬಿಣದ ಸರಳು ಮುಟ್ಟಿದರೆ ತುಕ್ಕು ಶುರು. ತುಕ್ಕಾದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತೆ, ಒಳಗಿಂದಲೇ ಕಾಂಕ್ರೀಟನ್ನ ಸೀಳುತ್ತೆ. ಸೀಳಿದ ಕಡೆ ಇನ್ನಷ್ಟು ನೀರು. ಮೊದಲ ವರ್ಷ ಒಂದು ಪದರ ವಾಟರ್‌ಪ್ರೂಫಿಂಗಿನಲ್ಲಿ ಮುಗೀಬೇಕಿದ್ದ ಕೆಲಸ ನಾಲ್ಕೈದು ವರ್ಷ ಬಿಟ್ಟರೆ ಕಾಂಕ್ರೀಟ್ ಕೆತ್ತಿ, ಸರಳು ಉಜ್ಜಿ, ಮತ್ತೆ ಮೆತ್ತೋ ಕೆಲಸ ಆಗುತ್ತೆ.

ಇದನ್ನ ನೀನೇ ಕಣ್ಣಾರೆ ನೋಡಬಹುದು. ಇನ್ನೊಂದು ಸಲ ಹೋದಾಗ ಮಾಡೆಲ್ ಮನೆ ಥರ ಅಲಂಕರಿಸಿದ ಹಾಲ್ ಬಿಟ್ಟು ನೆಲಮಾಳಿಗೆ ಪಾರ್ಕಿಂಗಿಗೆ ಇಳಿ, ಕತ್ತೆತ್ತಿ ಚಾವಣಿ ನೋಡು. ಬಿರುಕಿನ ಉದ್ದಕ್ಕೂ ಬಿಳಿ ಗೆರೆ, ಉಪ್ಪಿನ ಹಾಗೆ ಗಟ್ಟಿಯಾಗಿದ್ದರೆ ಅಲ್ಲಿ ನೀರು ಹರಿದು ಸುಣ್ಣದಂಶ ಹೊರಗೆ ಬಂದಿದೆ. ಕಂದು ಕಲೆ ಇದ್ದರೆ ನೀರು ಸರಳಿಗೂ ತಗುಲಿರಬಹುದು. ಹೊಸದಾಗಿ ಒಂದೇ ಕಡೆ ತೇಪೆ ಬಣ್ಣ ಬಳಿದಿದ್ದರೆ ಯಾವಾಗ, ಯಾತಕ್ಕೆ ಅಂತ ಕೇಳು. ಲಿಫ್ಟ್ ನಿಂತಾಗ ಅದರ ನೆಲ ಮಹಡಿಯ ನೆಲಕ್ಕೆ ಸಮ ಕೂರುತ್ತಾ, ಇಲ್ಲ ಕಾಲು ಎಡವೋ ಹಾಗೆ ಮೇಲೆ ಕೆಳಗೆ ಆಗುತ್ತಾ? ಗೋಡೆಗೆ ನೇತುಹಾಕಿದ ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯಾ, ಚೀಟಿಯಲ್ಲಿ ಕೊನೇ ತಪಾಸಣೆ ಯಾವತ್ತಿನದು? ಅದನ್ನೇ ನೋಡಿಕೊಳ್ಳದವರು ತಾರಸಿ ನೋಡಿಕೊಂಡಿರ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ಆಮೇಲೆ ಕಾಗದ. ಕಟ್ಟಡ ನೋಡಿಕೊಳ್ಳೋ ಮನೆ ಮಾಲೀಕರ ಸಂಘದಿಂದ ಕೊನೇ 3 ವರ್ಷದ ಪರಿಶೋಧಿತ ಲೆಕ್ಕ ಕೇಳು, ಮಾರೋರ ಮೂಲಕವೇ ಕೇಳು. ಅದರ ಆಸ್ತಿ-ಹೊಣೆ ಪಟ್ಟಿಯಲ್ಲಿ (ಬ್ಯಾಲೆನ್ಸ್ ಶೀಟ್) ಮೀಸಲು ನಿಧಿ ಎಷ್ಟು ಅಂತಿದೆಯೋ ಅಷ್ಟು ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ನಿಜವಾಗಿ ಇದೆಯಾ ಅಂತ ಹೋಲಿಸು. ಕಾಗದದ ಮೇಲೆ ನಿಧಿ ಇರುತ್ತೆ, ಹಣ ಮಾತ್ರ ದಿನದ ಖರ್ಚಿಗೆ ಕರಗಿಹೋಗಿರುತ್ತೆ. ಇದು ಬಹಳ ಕಡೆ ಆಗೋದು. ಅದೇ ಪಟ್ಟಿಯಲ್ಲಿ "ಸದಸ್ಯರಿಂದ ಬರಬೇಕಾದ ಬಾಕಿ" ಅನ್ನೋ ಸಾಲು ಹುಡುಕು. ಅದು ಎರಡು ತಿಂಗಳ ಒಟ್ಟು ವಸೂಲಿಗಿಂತ ಹೆಚ್ಚಿದ್ದರೆ, ಕಟ್ಟದವರ ಭಾರವನ್ನ ಕಟ್ಟೋರು ಹೊರ್ತಿದ್ದಾರೆ. ಕೊನೇ ಎರಡು ಮೂರು ಸಾಮಾನ್ಯ ಸಭೆಗಳ ನಡಾವಳಿ ಓದು. ಸೋರಿಕೆ, ಲಿಫ್ಟು, ವಂತಿಗೆ ಅನ್ನೋ ಮಾತು "ಮುಂದಿನ ಸಭೆಗೆ" ಅಂತ ಮತ್ತೆ ಮತ್ತೆ ಮುಂದೂಡಿದ್ದರೆ, ನೀನು ಸೇರೋದೇ ಆ ಮುಂದಿನ ಸಭೆಗೆ. ಮಾರೋರಿಂದ ಬಾಕಿ ಇಲ್ಲ ಅನ್ನೋ ಪತ್ರ ಸಂಘದ ಸಹಿಯೊಂದಿಗೆ ತಗೋ. ಈಗಾಗಲೇ ಒಪ್ಪಿಗೆ ಆಗಿರೋ ವಂತಿಗೆ ಯಾರು ಕೊಡಬೇಕು ಅನ್ನೋದನ್ನ ಕ್ರಯದ ಕರಾರಿನಲ್ಲೇ ಬರೆಸು.

ಲಿಫ್ಟಿನ ಸರ್ವೀಸ್ ಒಪ್ಪಂದ ಯಾವ ಥರದ್ದು ಅಂತಲೂ ಕೇಳು. ಬಿಡಿಭಾಗ ಸೇರಿದ್ದಾ, ಬರೀ ಎಣ್ಣೆ ಹಾಕಿ ನೋಡಿ ಹೋಗೋದಾ? ಎರಡನೆಯದಾದರೆ ತಿಂಗಳ ಖರ್ಚು ಕಮ್ಮಿ ಕಾಣುತ್ತೆ, ಹಗ್ಗವೋ ಕಂಟ್ರೋಲ್ ಬೋರ್ಡೋ ಹೋದ ದಿನ ಬಿಲ್ ಬೇರೆ ಬರುತ್ತೆ.

ನಾನು ಮತ್ತೆ ಪಾಠ ಮಾಡೋಕೆ ಶುರು ಮಾಡಿದೆ, ಗೊತ್ತು. ನೀನು ಲೆಕ್ಕದಲ್ಲಿ ನನಗಿಂತ ಚುರುಕು. ಆದರೂ ಪಕ್ಕದ ಕಟ್ಟಡಕ್ಕೆ ಹೋಲಿಸಿದೆಯಲ್ಲ, ಅದೊಂದು ಸರಿ ಮಾಡಿಕೊ. ಚದರಡಿ ದರ ಯಾವ ವಿಸ್ತೀರ್ಣದ ಮೇಲೆ? ಗೋಡೆಯೊಳಗಿನ ಕಾರ್ಪೆಟ್ ಏರಿಯಾ 750, ಗೋಡೆ ಮತ್ತು ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ 1000 ಅಂತಿಟ್ಟುಕೊ. 1000ಕ್ಕೆ 3ರ ದರ ಹಾಕಿದರೂ 750ಕ್ಕೆ 4ರ ದರ ಹಾಕಿದರೂ ಬರೋದು 3000ವೇ. ಒಂದು ಕಡೆ ನೀರು ಸೇರಿ, ಇನ್ನೊಂದು ಕಡೆ ನೀರಿಗೆ ಬೇರೆ ಮೀಟರ್ ಇದ್ದರೆ ಆ ಹೋಲಿಕೆಯೂ ನಿಲ್ಲಲ್ಲ. ಹಾಗೇ, ಹೊಸ ಕಟ್ಟಡದ ಮೊದಲ ಎರಡು ವರ್ಷದ ದರ ನೋಡಿ ಮರುಳಾಗಬೇಡ. ಯಂತ್ರಗಳೆಲ್ಲ ವಾರಂಟಿಯಲ್ಲಿರ್ತವೆ, ಬಿಲ್ಡರ್ ಸ್ವಲ್ಪ ಕೈಯಿಂದ ಹಾಕಿರ್ತಾನೆ. ಸಂಘದ ಕೈಗೆ ಬಂದ ಮೇಲೆ ಏರುತ್ತೆ.

ಅಷ್ಟು ಇಷ್ಟವಾಗಿದ್ದರೆ ಅದೇ ಕಟ್ಟಡದಲ್ಲಿ ಒಂದು ವರ್ಷ ಬಾಡಿಗೆಗಿದ್ದು ನೋಡಬಹುದಲ್ವಾ? ಮಳೆಗಾಲ ಒಂದು ಕಳೆದರೆ ಅರ್ಧ ಉತ್ತರ ತಾನಾಗೇ ಸಿಗುತ್ತೆ. ಹಾಗೆ ಮಾಡಿದರೆ ಬಾಡಿಗೆಯಲ್ಲಿ ಮೇಂಟೆನೆನ್ಸ್ ಸೇರಿದೆಯಾ, ಮಧ್ಯೆ ಏರಿದರೆ ಯಾರದು ಅನ್ನೋದನ್ನ ಕರಾರಿನಲ್ಲಿ ಬರೆಸು. ದಿನದ ಖರ್ಚು ನಿನ್ನದು ಅಂದರೆ ನ್ಯಾಯ. ಸಿಂಕಿಂಗ್ ಫಂಡ್, ವಿಶೇಷ ವಂತಿಗೆ ಮಾಲೀಕರ ಆಸ್ತಿಯ ಖರ್ಚು, ಅವನ್ನ ಒಪ್ಪಿಕೋಬೇಡ. ಬೀಗದ ಕೈ ತಗೊಂಡ ದಿನವೇ ಮೀಟರುಗಳ ಫೋಟೊ ತೆಗೆದಿಡು.

ಬೇಡ ಅಂತ ನಾನು ಹೇಳ್ತಿಲ್ಲ. ನಿಧಿ ತುಂಬಿದೆ, ಸುಮ್ಮನೆ ಖರ್ಚು ಬಿಗಿಯಾಗಿ ನೋಡಿಕೊಳ್ಳೋ ಒಳ್ಳೇ ಜನ ಅಲ್ಲಿದ್ದಾರೆ ಅಂತ ಲೆಕ್ಕ ತೋರಿಸಿದರೆ ಸೋಮವಾರ ನಾನೇ ನಿನ್ನ ಜೊತೆ ಬರ್ತೀನಿ. ಆಸ್ತಿ-ಹೊಣೆ ಪಟ್ಟಿ ಸಿಕ್ಕಿದರೆ ಫೋಟೊ ಕಳಿಸು, ರಾತ್ರಿ ಎಷ್ಟೇ ಹೊತ್ತಾಗಲಿ. ನೆಲಮಾಳಿಗೆ ಚಾವಣಿಯದೂ ಒಂದು ಕಳಿಸು.

ನಿನ್ನ
ಅಮ್ಮ