ಬುಟ್ಟಿಯಲ್ಲಿ ಇಳಿದ ಅಪೊಸ್ತಲ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರದ ಯುವಜನರ ಬೈಬಲ್ ಅಧ್ಯಯನಕ್ಕೆ ಎರಡನೇ ಕೊರಿಂಥದ, ಅಂದರೆ ಕೊರಿಂಥದ ಸಭೆಗೆ ಅಪೊಸ್ತಲ ಪೌಲ ಬರೆದ ಎರಡನೇ ಪತ್ರದ, 12ನೇ ಅಧ್ಯಾಯವನ್ನು ನಿನಗೆ ಒಪ್ಪಿಸಿದ್ದಾರೆ ಎಂದೆಯಲ್ಲ. ಒಂದು ಮಾತು ಕೇಳು, 12ರಿಂದ ಶುರು ಮಾಡಬೇಡ. 11ರ 21ನೇ ವಚನದಿಂದ 12ರ 10ರವರೆಗೆ ಎಲ್ಲೂ ನಿಲ್ಲಿಸದೆ ಗಟ್ಟಿಯಾಗಿ ಓದಿಸು. ಐದು ನಿಮಿಷ ಸಾಕು. "ನನ್ನ ಕೃಪೆಯೇ ನಿನಗೆ ಸಾಕು" ಎಂಬುದನ್ನು ಕ್ಯಾಲೆಂಡರಿನಲ್ಲಿ, ಗೋಡೆಯ ಫ್ರೇಮಿನಲ್ಲಿ ನೋಡಿ ನೋಡಿ, ಅದು ಎಂಥ ಜಗಳದ ನಡುವೆ ಬರೆದ ಮಾತು ಎಂಬುದೇ ನಮಗೆ ಮರೆತುಹೋಗಿದೆ.

ಮೊದಲು ಊರಿನ ಪರಿಚಯ ಮಾಡಿಸು. ಕೊರಿಂಥವನ್ನು ರೋಮನರು ಕ್ರಿ.ಪೂ. 146ರಲ್ಲಿ ಹಾಳುಗೆಡವಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಅಪ್ಪಣೆಯಿಂದ ಅದು ಮತ್ತೆ ಎದ್ದಿತು. ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರೇ ಬಹಳ. ಹಳೇ ಮನೆತನಗಳಿಲ್ಲದ ಊರು, ಹೆಸರು ಮಾಡಿದವನೇ ದೊಡ್ಡವನು. ಅಲ್ಲಿನ ರಂಗಮಂದಿರದ ಬಳಿಯ ಕಲ್ಲುಹಾಸಿನಲ್ಲಿ ಈಗಲೂ ಒಂದು ಲ್ಯಾಟಿನ್ ಬರಹವಿದೆ: ನಗರದ ಹುದ್ದೆ ಸಿಕ್ಕಿದ್ದಕ್ಕೆ ಎರಾಸ್ತ ಎಂಬವನು ಸ್ವಂತ ಖರ್ಚಿನಲ್ಲಿ ಇದನ್ನು ಹಾಸಿಸಿದ ಎಂದು. ಅಕ್ಷರಗಳು ಸುಮಾರು 18 ಸೆಂ.ಮೀ. ಎತ್ತರ, ಗೇಣಿಗೆ ತುಸು ಕಡಿಮೆ. ಇಂಥ ಊರಿನ ಸಭೆಯ ಕಣ್ಣಿಗೆ ಪೌಲ ತೀರಾ ಸಪ್ಪೆಯಾಗಿ ಕಂಡ. ಗುಡಾರ ಮಾಡಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದ, ಅವರ ದುಡ್ಡು ಮುಟ್ಟಲಿಲ್ಲ. ಪತ್ರದಲ್ಲಷ್ಟೇ ಜೋರು, ಎದುರು ಬಂದರೆ ಕಳೆಯೇ ಇಲ್ಲ ಎಂದು ಅವರು ಆಡಿಕೊಂಡದ್ದನ್ನು 10:10ರಲ್ಲಿ ಅವನೇ ಬರೆದಿದ್ದಾನೆ.

ಅದಕ್ಕೇ, ಹೆಮ್ಮೆ ಕೊಚ್ಚಿಕೊಳ್ಳುವವರಿಗೆ ಎದುರಾಗಿ, ಅವನು ತನ್ನದೂ ಒಂದು ಪಟ್ಟಿ ಕೊಡುತ್ತಾನೆ, ಪಟ್ಟ ಕಷ್ಟಗಳ ಪಟ್ಟಿ. ಹುಡುಗರ ಕೈಲೇ ಲೆಕ್ಕ ಹಾಕಿಸು: ಒಂದು ಕಡಿಮೆ ನಲವತ್ತರಂತೆ ಐದು ಸಲ ಕೊರಡೆ ಏಟು, ಒಟ್ಟು 195. ಮೂರು ಸಲ ಕೋಲಿನ ಪೆಟ್ಟು, ಒಂದು ಸಲ ಕಲ್ಲೇಟು, ಮೂರು ಸಲ ಹಡಗು ಒಡೆದದ್ದು. ಈ ಪಟ್ಟಿಯ ಕೊನೆಗೆ ಬರುವ ದಮಸ್ಕದ ಬುಟ್ಟಿಯ ಪ್ರಸಂಗವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನೀನು ಅಲ್ಲೇ ನಿಲ್ಲು. ಪೌಲನನ್ನು ಹಿಡಿಯಲು ಅರೇತ ರಾಜನ ಅಧಿಕಾರಿ ಊರಿಗೆ ಕಾವಲು ಹಾಕಿದ್ದ. ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಹೊರಗೆ ಇಳಿಸಿದರು. ಗ್ರೀಕಿನಲ್ಲಿ ಅವನು ಬಳಸುವ ಪದ 'ಸರ್ಗಾನೆ', ಹುರಿಯಿಂದ ಹೆಣೆದ ಬುಟ್ಟಿ. ರೋಮನ್ ಸೇನೆಯಲ್ಲಿ ಶತ್ರುವಿನ ಕೋಟೆಗೋಡೆಯನ್ನು ಮೊದಲು ಹತ್ತಿದವನಿಗೆ ಚಿನ್ನದ ಕಿರೀಟ ಸಿಗುತ್ತಿತ್ತು. ರೋಮನ್ ವಸಾಹತಿನವರಾದ ಕೊರಿಂಥದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಮೊದಲು ಹತ್ತಿದವನ ಹೆಮ್ಮೆ ಅವರಿಗೆ ಗೊತ್ತು. ಇವನು ಇಳಿದು ಓಡಿದ್ದನ್ನು ಹೇಳಿಕೊಳ್ಳುತ್ತಿದ್ದಾನೆ.

ಆಮೇಲೆ ಮುಳ್ಳಿನ ವಿಷಯ. ತನ್ನ ಶರೀರದಲ್ಲಿ ಒಂದು ಮುಳ್ಳಿದೆ ಎಂದು ಪೌಲ 12:7ರಲ್ಲಿ ಬರೆಯುತ್ತಾನೆ. ಅಲ್ಲಿನ ಗ್ರೀಕ್ ಪದ 'ಸ್ಕೋಲೋಪ್ಸ್' ಎಂದರೆ ಮುಳ್ಳೂ ಹೌದು, ಚೂಪಾದ ಗೂಟವೂ ಹೌದು. ಅದು ಕಣ್ಣಿನ ಬೇನೆಯೋ, ತೊದಲೋ, ವಿರೋಧಿಗಳೋ ಎಂಬ ಚರ್ಚೆಗೆ ಕೂತರೆ ನಿನ್ನ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಪೌಲ ಹೇಳಿಲ್ಲ, ಬಿಟ್ಟುಬಿಡು. ಅವನು ಹೇಳಿರುವುದನ್ನು ಹಿಡಿ: ಅದು ಸೈತಾನನ ದೂತ, ತೆಗೆದುಬಿಡು ಎಂದು ಮೂರು ಸಲ ಬೇಡಿದ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ಮೂರು ಸಲವೇ ಬೇಡಿದ್ದು. ನೋವು ಹೋಗಲಿ ಎಂದು ಕೇಳುವುದು ಅಪನಂಬಿಕೆಯಲ್ಲ ಎಂಬುದನ್ನು ಇಲ್ಲೇ ಸ್ಪಷ್ಟವಾಗಿ ಹೇಳು.

ಆ ಬೇಡಿಕೆಗೆ ಕರ್ತನು ಕೊಟ್ಟ ಉತ್ತರವೇ 12:9ರ "ನನ್ನ ಕೃಪೆಯೇ ನಿನಗೆ ಸಾಕು". ಆ ವಚನದ ಎರಡು ಕ್ರಿಯಾಪದಗಳನ್ನು ನಿಧಾನವಾಗಿ ಬಿಡಿಸು. ಬಲ ಬಲಹೀನತೆಯಲ್ಲಿ ಪೂರ್ಣವಾಗುತ್ತದೆ ಎನ್ನುವಲ್ಲಿನ 'ತೆಲೆಯೋ' ಎಂಬ ಧಾತುವೇ ಯೋಹಾನ 19:30ರಲ್ಲಿ ಶಿಲುಬೆಯ ಮೇಲಿನ "ತೀರಿತು" ಎಂಬ ಮಾತಿನಲ್ಲೂ ಇದೆ. ಇನ್ನೊಂದು, ಕ್ರಿಸ್ತನ ಬಲ ನನ್ನ ಮೇಲೆ ನೆಲೆಸಲಿ ಎಂದು ಪೌಲ ಹೇಳುವಲ್ಲಿ ಬರುವುದು. ಅದರ ಮೂಲ ಅರ್ಥ, ಮೇಲೆ ಗುಡಾರ ಹಾಕುವುದು. ಗುಡಾರ ಮಾಡುವವನೇ ಆಡಿದ ಮಾತು ಇದು! ಬಲಹೀನತೆಯೇ ಬಲ ಎಂದು ಅವನು ಎಲ್ಲೂ ಹೇಳುವುದಿಲ್ಲ. ಬಲ ದೇವರದು, ಬಲಹೀನತೆ ಅದು ಗುಡಾರ ಹಾಕುವ ಜಾಗ. 13:4ನ್ನು ಮರೆಯದೆ ಸೇರಿಸು: ಕ್ರಿಸ್ತನು ಬಲಹೀನತೆಯಲ್ಲಿ ಶಿಲುಬೆಗೇರಿದನು, ಆದರೆ ದೇವರ ಬಲದಿಂದ ಬದುಕಿದ್ದಾನೆ. ಈ ಎರಡನೇ ಅರ್ಧ ಬಿಟ್ಟುಹೋದರೆ ಪಾಠ ಬರೀ ಸಂಕಟದ ಹೊಗಳಿಕೆಯಾಗುತ್ತದೆ.

ಪಾಠ ಕೆಡುವುದೂ ಇಲ್ಲಿಯೇ. ಗಂಡನ ಕೈಲಿ ಏಟು ತಿನ್ನುವವಳಿಗೆ ಈ ವಚನ ಓದಿ "ತಾಳಿಕೋ, ಇದು ನಿನ್ನ ಮುಳ್ಳು" ಎನ್ನುವವರಿದ್ದಾರೆ. ಅದು ವಾಕ್ಯಕ್ಕೆ ಮಾಡುವ ದ್ರೋಹ. ಇದೇ ಪೌಲ ಅಪೊಸ್ತಲರ ಕೃತ್ಯಗಳು 22:25ರಲ್ಲಿ, ತನ್ನನ್ನು ಕೊರಡೆಯಿಂದ ಹೊಡೆಯಲು ಕಟ್ಟುತ್ತಿರುವಾಗ, ವಿಚಾರಣೆಯಿಲ್ಲದೆ ರೋಮನ್ ಪ್ರಜೆಯನ್ನು ಹೊಡೆಯುವುದು ನ್ಯಾಯವೋ ಎಂದು ಕೇಳಿ ಏಟು ತಪ್ಪಿಸಿಕೊಂಡ. ಕೆನ್ನೆಗೆ ಹೊಡೆದವನನ್ನು ಯೇಸುಸ್ವಾಮಿ "ನನ್ನನ್ನು ಯಾಕೆ ಹೊಡೆಯುತ್ತೀ" ಎಂದು ಕೇಳಿದ್ದಾರೆ, ಯೋಹಾನ 18:23. ಪ್ರಾಣವನ್ನು ಯಾರೂ ತನ್ನಿಂದ ಕಿತ್ತುಕೊಳ್ಳುವುದಿಲ್ಲ, ತಾನಾಗಿಯೇ ಕೊಡುತ್ತೇನೆ ಎಂದು ಅವರೇ ಹೇಳಿದ್ದು ಯೋಹಾನ 10:18ರಲ್ಲಿದೆ. ತಾನಾಗಿ ತಗ್ಗುವುದೇ ಬೇರೆ, ಇನ್ನೊಬ್ಬರು ತುಳಿಯುವುದೇ ಬೇರೆ. 13:4ನ್ನೂ ಸೇರಿಸಿ ಈ ನಾಲ್ಕು ಜಾಗಕ್ಕೂ ಬೈಬಲಿನಲ್ಲಿ ಚೀಟಿ ಇಟ್ಟುಕೊಂಡು ಹೋಗು, ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೊನೆಯ ಐದು ನಿಮಿಷ ಸುಮ್ಮನೆ ಬಿಡು. ಸಾಕ್ಷಿ ಹೇಳಿ ಎಂದು ಯಾರನ್ನೂ ಎಬ್ಬಿಸಬೇಡ. ಎಲ್ಲರೂ ಹೋದ ಮೇಲೆ ಯಾವಳಾದರೂ ಹುಡುಗಿ ಹಿಂದೆ ನಿಂತು, ಮನೆಯಲ್ಲಿ ಹೊಡೆಯುತ್ತಾರೆ ಅಕ್ಕಾ ಎಂದರೆ, 12:9ನ್ನು ತೆಗೆಯಲೇಬೇಡ. ಪೂರ್ತಿ ಕೇಳಿಸಿಕೋ, ಆ ರಾತ್ರಿ ಎಲ್ಲಿ ಮಲಗುತ್ತಾಳೆ ಎಂದು ವಿಚಾರಿಸು. ಹದಿನೆಂಟು ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098, ತುಂಬಿದ್ದರೆ ಮಹಿಳಾ ಸಹಾಯವಾಣಿ 181, ಎರಡೂ ನಂಬರು ಕೈಯಲ್ಲಿರಲಿ. ದಮಸ್ಕದ ಶಿಷ್ಯರು ಆ ರಾತ್ರಿ ಪೌಲನಿಗೆ ಪ್ರಸಂಗ ಮಾಡಲಿಲ್ಲ, ಹಗ್ಗ ಹಿಡಿದರು.

ನಿನ್ನ
ಅಮ್ಮ