ಮಾತು ತಡವಾದರೆ ಕಾಯುತ್ತಾ ಕೂರಬೇಡಿ

ಮಾನ್ಯರೇ,

‘ಅವರಪ್ಪನೂ ಮಾತು ಕಲಿತದ್ದು ಮೂರು ವರ್ಷಕ್ಕೇ, ಇವನೂ ಕಲಿಯುತ್ತಾನೆ ಬಿಡಿ’ ಎಂಬುದನ್ನು ಅಂಗನವಾಡಿಯಲ್ಲಿದ್ದಾಗ ಬಹಳ ಕೇಳಿದ್ದೇನೆ. ಕೆಲವು ಮಕ್ಕಳು ಕಲಿಯುತ್ತಾರೆ, ನಿಜ. ಆದರೆ ಎರಡು ವರ್ಷ ತುಂಬಿದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು. ಕಿವಿ ಕೇಳಿಸದೆ ಮಾತು ಬರುವುದಾದರೂ ಹೇಗೆ? ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಹರಕೆ ಹೊರುವವರು ಹೊರಲಿ, ಜೊತೆಗೆ ಇವರಿಗೂ ತೋರಿಸಲಿ.

ಮನೆಯಲ್ಲಿ ಮಾಡಬೇಕಾದುದಕ್ಕೆ ಕಾಸು ಖರ್ಚಿಲ್ಲ. ಅವರೆಕಾಯಿ ಬಿಡಿಸುವಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಇದು ಸಿಪ್ಪೆ, ಇದು ಕಾಳು, ಅಯ್ಯೋ ಹುಳ!’ ಎನ್ನಿ. ಮಗು ‘ಉಳ’ ಎಂದರೆ ಗದರದೆ, ‘ಹೌದು, ಹಸಿರು ಹುಳ’ ಎಂದು ಒಂದು ಪದ ಸೇರಿಸಿ ಹೇಳಿ. ಏನಾದರೂ ಕೇಳಿದ ಮೇಲೆ ಉತ್ತರವನ್ನು ನೀವೇ ಹೇಳಿಬಿಡದೆ ತುಸು ಕಾಯಿರಿ. ದೊಡ್ಡವರಿಗೆ ಕಷ್ಟವಾಗುವುದು ಇದೇ.

ತುತ್ತು ತಿನ್ನಿಸಲು ಮೊಬೈಲ್ ತೋರಿಸುವುದನ್ನಂತೂ ಬಿಡಬೇಕು. ಎರಡು ವರ್ಷ ತುಂಬದವರಿಗೆ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡುವವರು ಮಗುವಿಗೆ ಗೊಂದಲವಾದೀತೆಂದು ಮನೆಮಾತು ಬಿಡಬೇಕಾಗಿಲ್ಲ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

16ರಿಂದ 24 ತಿಂಗಳ ನಡುವೆ ಡಿಪಿಟಿ ಲಸಿಕೆಯ ಬೂಸ್ಟರ್ ಹಾಕಿಸಲು ಬಂದ ತಾಯಂದಿರನ್ನು ‘ಮಗು ಏನೇನು ಮಾತಾಡುತ್ತದೆ?’ ಎಂದು ಕೇಳಿ ಬರೆದುಕೊಳ್ಳುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ತುಮಕೂರು